ಬಲ್ಮಠವೋ, ಬೆಂಗಳೂರೋ?

ಡಿಗ್ರಿ ಮುಗಿಸಿ ಪಾದ್ರಿ ತರಬೇತಿಗೆ ಹೊರಟ ಕಾಸರಗೋಡಿನ ಹುಡುಗರು ಕೇಳುವುದು ಇದನ್ನೇ: ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜೋ, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜೋ? ಎರಡೂ ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್‌ಗೆ ಸೇರಿದವು, ಸಿಗುವ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಒಂದೇ. ಹಾಗಾಗಿ ಸರ್ಟಿಫಿಕೇಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಮನೆ ನೋಡಿ.

ನಾನು ಅರ್ಜಿ ಹಾಕಿದ ವರ್ಷವೇ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಬೆಳಗ್ಗೆಯ ಮಾತ್ರೆ, ರಾತ್ರಿಯ ಮಾತ್ರೆ ಅಂತ ಅಮ್ಮ ಎರಡು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟು, ಆದರೂ ದಿನಾ ಫೋನ್ ಮಾಡಿ "ಯಾವುದು ಮೊದಲು ಮಗಾ?" ಅಂತ ಕೇಳುತ್ತಿದ್ದರು. ಅಂಥ ಮನೆಗೆ ಮಂಗಳೂರೇ ಸರಿ: ಸುಮಾರು 50 ಕಿ.ಮೀ., ಶನಿವಾರ ರೈಲು ಹತ್ತಿದರೆ ರಾತ್ರಿ ಊಟ ಅಮ್ಮನ ಕೈಯದು. ನಮ್ಮ ತುಳು, ಕನ್ನಡ ಅಲ್ಲಿ ಯಾರಿಗೂ ಹೊಸದಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲೇ ಬಂದಿಳಿದ ಊರು ಅಲ್ವಾ.

ಬೆಂಗಳೂರಿನದು 1910ರ ಕಾಲೇಜು. ಪಾಠ ಇಂಗ್ಲಿಷಿನಲ್ಲಿ, ಜೊತೆಗೆ ಬೇರೆ ಬೇರೆ ರಾಜ್ಯದ, ಬೇರೆ ಬೇರೆ ಕ್ರೈಸ್ತ ಸಭೆಯ ಗೆಳೆಯರು. ಮುಂದೆ ಕಲಿಸುವ ಆಸೆ ಇದ್ದರೆ, ಮನೆಯಲ್ಲಿ ಅಣ್ಣನೋ ಅಕ್ಕನೋ ಇದ್ದರೆ, ಸುಮ್ನೆ ಅಲ್ಲಿಗೇ ಹೋಗಿ. ಮದುವೆ ನಿಶ್ಚಯವಾಗಿದೆಯಾ? ಹಾಗಾದರೆ ಹಾಸ್ಟೆಲ್‌ನಲ್ಲಿ ದಂಪತಿಗೆ ಮನೆ ಸಿಗುತ್ತದಾ ಅಂತ ಎರಡೂ ಕಡೆ ಮೊದಲೇ ಕೇಳಿ, ನಾನು ಕೇಳದೆ ಹೋಗಿ ಜಾಸ್ತಿ ಬಾಡಿಗೆ ಕಟ್ಟಿದೆ.