ಮಳೆಗಾಲಕ್ಕೆ ಯಾವ ಪುಸ್ತಕ ಮೊದಲು?

ತೀರ್ಥಹಳ್ಳಿ ಕಡೆ ಮಳೆ ಹಿಡಿದುಕೊಂಡಿತೆಂದರೆ ತೋಟದ ಕೆಲಸ ಅರ್ಧ ನಿಂತಂತೆಯೇ. ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಆಗ ನೆಂಟರು, ಅಕ್ಕಪಕ್ಕದವರು ಬಂದು 'ಓದೋಕೆ ಏನಾದ್ರೂ ಒಳ್ಳೇದು ಕೊಡಿ' ಅನ್ನುತ್ತಾರೆ. ಹಾಗೆ ಕೇಳುವವರಲ್ಲಿ ಜಾಸ್ತಿ ಜನ ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟಿದವರಲ್ಲ. ಅಂಥವರ ಕೈಗೆ ಎಷ್ಟೇ ದೊಡ್ಡ ಪುಸ್ತಕವಾದರೂ ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ಟರೆ, ಅವರು ಮತ್ತೆ ನಮ್ಮ ಮನೆ ಕಡೆ ಪುಸ್ತಕಕ್ಕೆಂದು ಬರುವುದಿಲ್ಲ. ಯಾವುದನ್ನು ಮೊದಲು ಕೊಡಬೇಕು ಅನ್ನುವುದು ನನಗೆ ತುಂಬಾ ಮುಖ್ಯವಾದದ್ದು ಅದಕ್ಕೇ.

ಹಾಗಾಗಿ ಒಂದೇ ಬಗೆಯ ಎರಡೆರಡು ಪುಸ್ತಕಗಳನ್ನು ಜೋಡಿ ಮಾಡಿ, ಬೇರೆ ಬೇರೆಯವರಿಗೆ ಕೊಟ್ಟು, ನಾನೂ ಮತ್ತೊಮ್ಮೆ ಓದಿ ನೋಡುತ್ತಾ ಬಂದಿದ್ದೇನೆ. ಓದಿದವರು ಇನ್ನೊಂದು ಕೇಳಿದರಾ ಅನ್ನುವುದೊಂದೇ ಅಳತೆ. ಎಲ್ಲವೂ ನಮ್ಮ ಮಲೆನಾಡಿನಿಂದಲೇ ಬಂದ ಪುಸ್ತಕಗಳು.

ದೊಡ್ಡ ಕಾದಂಬರಿ ಅಂದ ಕೂಡಲೇ ಇಲ್ಲಿ ಎರಡೇ ಹೆಸರು. 'ಕಾನೂರು ಹೆಗ್ಗಡಿತಿ' ಮತ್ತು 'ಮಲೆಗಳಲ್ಲಿ ಮದುಮಗಳು'. ಎರಡೂ ಕುವೆಂಪು ಅವರದ್ದೇ. ಮೊದಲನೆಯದು 1936ರದ್ದು, ಎರಡನೆಯದು 1967ರದ್ದು. ನಡುವಿನ ಮೂವತ್ತು ವರ್ಷ ಪುಟಪುಟದಲ್ಲೂ ಕಾಣುತ್ತದೆ. ಕಾನೂರಿನಲ್ಲಿ ಹಿಡಿದುಕೊಂಡು ಹೋಗಲು ಒಂದು ಎಳೆ ಇದೆ. ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯ ಊರಿಗೆ ಬರುತ್ತಾರೆ. ಮನೆಯ ಯಜಮಾನ ಚಂದ್ರಯ್ಯಗೌಡರು, ಸೀತೆ, ಸುಬ್ಬಮ್ಮ, ಮನೆ ಪಾಲಾಗುವ ಜಗಳ. ಪಾಲಿನ ಜಗಳ ನಮ್ಮಲ್ಲಿ ಯಾರ ಮನೆಗೂ ಹೊಸದಲ್ಲ. ಓದುವ ಅಭ್ಯಾಸ ಇಲ್ಲದವರೂ ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೂವಯ್ಯನ ಆದರ್ಶದ ಮಾತುಗಳು ಕೆಲವು ಕಡೆ ಉದ್ದವಾಗುತ್ತವೆ, ನಿಜ. ಆ ಪುಟಗಳನ್ನು ಬೇಗ ದಾಟಿದರೂ ಕತೆ ಕೈಬಿಡುವುದಿಲ್ಲ.

ಮದುಮಗಳು ಬೇರೆಯೇ. ಇಲ್ಲಿ ನಾಯಕ ಅಂತ ಒಬ್ಬನಿಲ್ಲ. ಸಿಂಬಾವಿಯ ಜೀತದಾಳು ಗುತ್ತಿ, ಅವನ ನಾಯಿ ಹುಲಿಯ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ, ನಾಗಕ್ಕ ಎಲ್ಲರಿಗೂ ಒಂದೇ ತೂಕ. ಕಾಲ 19ನೇ ಶತಮಾನದ ಕೊನೆ. ಕಾಡಿನ ದಾರಿಗಳು ಒಂದರೊಳಗೊಂದು ಸೇರಿಕೊಳ್ಳುವಂತೆ ಕತೆಗಳು ಸೇರಿಕೊಳ್ಳುತ್ತವೆ. ಒಬ್ಬರೇ ಕೂತು ಮೌನವಾಗಿ ಓದಿದವರಲ್ಲಿ ಹಲವರು ಮೊದಲ ನೂರು ಪುಟದೊಳಗೆ ನಿಲ್ಲಿಸಿದರು. ಯಾರು ಯಾರ ಮನೆಯವರು ಅಂತ ನೆನಪಿಟ್ಟುಕೊಳ್ಳುವುದೇ ಕಷ್ಟ ಅಂದರು.

ಆದರೆ ಅದೇ ಪುಸ್ತಕವನ್ನು ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯುತ್ತಾ ಕೂತವರಿಗೆ ಗಟ್ಟಿಯಾಗಿ ಓದಿದಾಗ ಆದದ್ದೇ ಬೇರೆ. ಮಾತುಗಳು ಬಾಯಿಂದ ಹೊರಗೆ ಬಂದ ಕೂಡಲೇ ಜನ ನಕ್ಕರು. 'ನಮ್ಮಜ್ಜಿ ಹಿಂಗೇ ಮಾತಾಡೋದು' ಅಂದರು. ಪುಟದ ಮೇಲೆ ತೊಡಕಾಗಿ ಕಂಡ ಆಡುಮಾತು ಕಿವಿಗೆ ಬಿದ್ದರೆ ಸಲೀಸು. ಗುತ್ತಿಯ ಪಾಡು ಕೇಳುತ್ತಾ ಕೆಲವರು ಸುಮ್ಮನಾದರು. ಜೀತ ಅನ್ನುವುದು ಅವರ ಮನೆಯ ಹಿಂದಿನ ತಲೆಮಾರಿನ ಮಾತು. ಅಡಿಕೆಯ ರಾಶಿ ಮುಗಿದರೂ 'ಇನ್ನೊಂದು ಸ್ವಲ್ಪ ಓದಿ' ಅಂದವರಿದ್ದಾರೆ. 2010ರಲ್ಲಿ ಮೈಸೂರಿನ ರಂಗಾಯಣ ಇದನ್ನು ಇಡೀ ರಾತ್ರಿಯ ನಾಟಕ ಮಾಡಿದಾಗ ಜನ ಬೆಳಗಿನವರೆಗೆ ಕೂತು ನೋಡಿದರು. ನನಗದು ಆಶ್ಚರ್ಯ ಅನ್ನಿಸುವುದಿಲ್ಲ. ಇದು ಕೇಳುವ ಪುಸ್ತಕ. ಒಬ್ಬರೇ ಓದುವುದಾದರೆ ಕಾನೂರು ಮೊದಲು. ಮನೆಯಲ್ಲಿ ನಾಲ್ಕು ಜನ ಸೇರುವುದಾದರೆ ಧೈರ್ಯವಾಗಿ ಮದುಮಗಳು ತೆಗೆಯಿರಿ. ಎರಡರಲ್ಲಿ ದೊಡ್ಡದು ಯಾವುದು ಅಂತ ಕೇಳಿದರೆ ಮದುಮಗಳು ಅಂತ ಒಂದು ಕ್ಷಣವೂ ಯೋಚಿಸದೆ ಹೇಳುತ್ತೇನೆ.

ರೋಚಕ ಕತೆ ಬೇಕು ಅನ್ನುವ ಹುಡುಗರಿಗೆ ಪೂರ್ಣಚಂದ್ರ ತೇಜಸ್ವಿ. ಇಲ್ಲಿ ನಾನು ಎದುರುಬದುರು ಇಟ್ಟು ನೋಡಿದ್ದು 'ಜುಗಾರಿ ಕ್ರಾಸ್' ಮತ್ತು 'ಚಿದಂಬರ ರಹಸ್ಯ'. ಎರಡರಲ್ಲೂ ಏಲಕ್ಕಿ ಇದೆ, ಎರಡರಲ್ಲೂ ಕಾಡು ಹಾಳಾಗುತ್ತಿದೆ. ಜುಗಾರಿ ಕ್ರಾಸ್ ಒಂದೇ ದಿನದೊಳಗೆ ನಡೆದು ಮುಗಿಯುತ್ತದೆ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಥ ಜಾಲದೊಳಗೆ ಬೀಳುತ್ತಾರೆ ಅನ್ನುವುದೇ ಕತೆ. ಮೊಬೈಲು ಬಿಟ್ಟು ಅರ್ಧ ಗಂಟೆ ಕೂರದ ಹುಡುಗರೂ ಇದನ್ನು ಒಂದೇ ಉಸಿರಿಗೆ ಮುಗಿಸಿ ತಂದುಕೊಟ್ಟಿದ್ದಾರೆ. ಚಿದಂಬರ ರಹಸ್ಯಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟು ಹುಡುಕಲು ಅಂಗಾಡಿ ಕೆಸರೂರಿಗೆ ಬರುತ್ತಾನೆ. ಆದರೆ ತೇಜಸ್ವಿಗೆ ಆ ಗುಟ್ಟಿಗಿಂತ ಊರೇ ಮುಖ್ಯ. ಜಾತಿ, ಧರ್ಮ, ವದಂತಿ, ಹುಡುಗರ ಕ್ರಾಂತಿಯ ಮಾತು, ರಫಿ ಮತ್ತು ಜಯಂತಿಯ ಪ್ರೀತಿ ಎಲ್ಲ ಸೇರಿ ಊರು ಎತ್ತ ಹೋಗುತ್ತದೆ ಅನ್ನುವುದನ್ನು ನೋಡುವಾಗ ಭಯ ಆಗುತ್ತದೆ. ಪತ್ತೇದಾರಿ ಅಂತ ಹಿಡಿದವರಿಗೆ ನಡುವೆ ಬೇಸರ ಬರುತ್ತದೆ. ಹಾಗಾಗಿ ಜುಗಾರಿ ಕ್ರಾಸ್ ಮೊದಲು. ಅದಾದ ಮೇಲೆ ಚಿದಂಬರ ರಹಸ್ಯ ಕೊಡಲೇಬೇಕು. ನಮ್ಮ ಊರುಗಳು ಈಗ ಇರುವ ರೀತಿ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಕಾದಂಬರಿ ನನಗೆ ಗೊತ್ತಿಲ್ಲ.

'ಕರ್ವಾಲೊ' ಎಲ್ಲಿ ಹೋಯಿತು ಅಂತ ಕೇಳಬಹುದು. ಅದಕ್ಕೆ ಎದುರಾಳಿ ಸಿಗಲಿಲ್ಲ. ಜೇನು ಹಿಡಿಯುವ ಮಂದಣ್ಣ, ವಿಜ್ಞಾನಿ ಕರ್ವಾಲೊ, ಹಾರುವ ಓತಿಯ ಬೆನ್ನು ಹತ್ತಿದ ಆ ಗುಂಪು. ಹತ್ತನೇ ತರಗತಿಯ ಹುಡುಗಿಯಿಂದ ಹಿಡಿದು ಎಂಬತ್ತರ ಅಜ್ಜನವರೆಗೆ ಯಾರಿಗೆ ಕೊಟ್ಟರೂ ನಡೆಯುತ್ತದೆ. ಹಾರುವ ಓತಿ ನಮ್ಮ ಅಡಿಕೆ ಮರಗಳಲ್ಲೇ ಇರುತ್ತದೆ. ಪುಸ್ತಕ ಓದಿದ ಮೇಲೆ ತಲೆ ಎತ್ತಿ ಮರ ನೋಡದವರು ಕಡಿಮೆ.

ಇನ್ನು ಅಗ್ರಹಾರದ ಕತೆಗಳು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ' (1965) ಒಂದು ಕಡೆ. ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇನ್ನೊಂದು ಕಡೆ. ಸಂಸ್ಕಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರು ಯಾರು ಅಂತ ಇಡೀ ದೂರ್ವಾಸಪುರ ಕೂತಿದೆ. ಇಂಥ ಶುರು ಬೇರೆ ಯಾವ ಕಾದಂಬರಿಗೂ ಇಲ್ಲ. ಆದರೆ ಅರ್ಧ ದಾಟಿದ ಮೇಲೆ ಕತೆ ಪ್ರಾಣೇಶಾಚಾರ್ಯರ ತಲೆಯೊಳಗೆ ಹೋಗುತ್ತದೆ. ಅಲ್ಲಿ ಓದುಗರೂ ನಿಧಾನವಾಗಬೇಕು. ಫಣಿಯಮ್ಮ ಅಡುಗೆಮನೆಯಿಂದ ಹೇಳಿದ ಕತೆ. ಚಿಕ್ಕಂದಿನಲ್ಲೇ ವಿಧವೆಯಾದ ಹೆಣ್ಣು ನೂರು ದಾಟಿ ಬದುಕಿ, ಬೇರೆಯವರ ಬಾಣಂತನ, ಮದುವೆ, ಮಡಿ ಎಲ್ಲ ನೋಡುತ್ತಾಳೆ. ಜೋರು ಮಾತಿಲ್ಲ. ಕೋಪ ಮಾತ್ರ ಸಾಲಿನ ಅಡಿಯಲ್ಲಿ ಹಾಗೇ ಇದೆ. ನಮ್ಮ ಚಿಕ್ಕಮ್ಮ ಇದನ್ನು ಓದಿ ಮುಗಿಸಿ, ತಮ್ಮ ಅತ್ತೆಯ ಮನೆಯಲ್ಲಿದ್ದ ಒಬ್ಬ ಅಜ್ಜಿಯ ಕತೆಯನ್ನು ಮೊದಲ ಸಲ ನಮಗೆ ಹೇಳಿದರು. ಸಂಸ್ಕಾರ ಓದಿ ಯಾರೂ ಹಾಗೆ ಮನೆಯ ಮಾತು ತೆಗೆಯಲಿಲ್ಲ. ವಾದ ಮಾಡಿದರು, ಜಗಳ ಆಡಿದರು, ಅದೂ ಒಳ್ಳೆಯದೇ. ನನ್ನ ಆಯ್ಕೆ ಮೊದಲು ಫಣಿಯಮ್ಮ.

ಆತ್ಮಕತೆಯಲ್ಲಿ ಜಾಸ್ತಿ ಯೋಚಿಸಬೇಕಾಗಿಲ್ಲ. ಕುವೆಂಪು ತಮ್ಮ ಬಗ್ಗೆ ಬರೆದ 'ನೆನಪಿನ ದೋಣಿಯಲ್ಲಿ' ದೊಡ್ಡ ಗಾತ್ರದ್ದು, ಡೈರಿಯ ಪುಟಗಳೂ ಸೇರಿವೆ. ಮಗ ತೇಜಸ್ವಿ ಬರೆದ 'ಅಣ್ಣನ ನೆನಪು' ಹಗುರ, ತಮಾಷೆ, ಪ್ರೀತಿ. ಅಪ್ಪನನ್ನು ಮಗನ ಕಣ್ಣಲ್ಲಿ ಮೊದಲು ನೋಡಿದವರು ಆಮೇಲೆ ದೋಣಿ ಹತ್ತುತ್ತಾರೆ. ದೋಣಿಯ ಬಾಲ್ಯದ ಅಧ್ಯಾಯಗಳಷ್ಟನ್ನೇ ಓದಿದರೂ ಸಾಕು, ಕುಪ್ಪಳಿಯ ಕಾಡು ಎಂಥದ್ದಿತ್ತು ಅಂತ ಗೊತ್ತಾಗುತ್ತದೆ.

ಸಾಗರದ ಕಡೆಯವರಿಗೆ ನಾ. ಡಿಸೋಜ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಮನೆ, ಗದ್ದೆ, ತೋಟ ಬಿಟ್ಟು ಎದ್ದವರ ಕುಟುಂಬಗಳು ಇವತ್ತಿಗೂ ಜಿಲ್ಲೆಯಲ್ಲಿವೆ. ಡಿಸೋಜ ಅವರ 'ದ್ವೀಪ' ಸಣ್ಣ ಪುಸ್ತಕ. ಗಣಪಯ್ಯ, ನಾಗವೇಣಿ, ಸುತ್ತ ಏರುವ ನೀರು. ಗಿರೀಶ್ ಕಾಸರವಳ್ಳಿ ಇದನ್ನು 2002ರಲ್ಲಿ ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಸಿನಿಮಾ ನೋಡಿದ್ದೀವಲ್ಲ, ಪುಸ್ತಕ ಯಾಕೆ ಅಂತ ಕೆಲವರು ಕೇಳುತ್ತಾರೆ. ಸಿನಿಮಾದ ಮಳೆ ಮರೆಯಲಾಗದ್ದು, ಒಪ್ಪುತ್ತೇನೆ. ಆದರೆ ಡಿಸೋಜ ಸಾಗರದಲ್ಲೇ ಇದ್ದು, ಮುಳುಗಡೆಯವರ ನಡುವೆಯೇ ಬದುಕಿ ಬರೆದವರು. ಆ ಹತ್ತಿರದ ನೋಟ ಪುಸ್ತಕದಲ್ಲೇ ಸಿಗುವುದು. ಪುಸ್ತಕ ಮೊದಲು, ಸಿನಿಮಾ ಆಮೇಲೆ.

ಮಕ್ಕಳಿಗೂ ಡಿಸೋಜ, ತೇಜಸ್ವಿ ಇಬ್ಬರೇ ಸಾಕು. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಪುಸ್ತಕಕ್ಕೆ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ತೇಜಸ್ವಿಯ 'ಪರಿಸರದ ಕತೆ' ಮಕ್ಕಳಿಗೆ ಅಂತಲೇ ಬರೆದದ್ದಲ್ಲ, ಆದರೂ ಕಿವಿ ಅನ್ನುವ ನಾಯಿಯ ಕತೆ ಶುರುವಾದರೆ ಮಕ್ಕಳು ಎದ್ದು ಹೋಗುವುದಿಲ್ಲ. ಆರು, ಏಳನೇ ತರಗತಿಯವರೆಗೆ ಪರಿಸರದ ಕತೆಯನ್ನು ದೊಡ್ಡವರು ಓದಿ ಹೇಳಿ. ಅಜ್ಜ ಅಜ್ಜಿ ಮುಳುಗಡೆ ಊರಿನವರಾಗಿದ್ದರೆ ಡಿಸೋಜ ಅವರ ಪುಸ್ತಕವನ್ನು ಮಗುವಿನ ಕೈಗೇ ಕೊಟ್ಟು, ಅವರ ಪಕ್ಕದಲ್ಲಿ ಕೂರಿಸಿ ಓದಿಸಿ.