ಬಿ12 ಕೊರತೆ ಪತ್ತೆಗೆ ಯಾವ ರಕ್ತಪರೀಕ್ಷೆ? ಮೂರನ್ನೂ ಮಾಡಿಸಿಕೊಂಡ ಮೇಲಿನ ಹೋಲಿಕೆ

ಹುಟ್ಟಿನಿಂದ ಸಸ್ಯಾಹಾರಿಯಾಗಿದ್ದು, ಸಕ್ಕರೆ ಕಾಯಿಲೆಗಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ದೀರ್ಘಕಾಲದಿಂದ ತೆಗೆದುಕೊಳ್ಳುತ್ತಿರುವ ನನಗೆ ಪಾದಗಳಲ್ಲಿ ಜೋಮು ಶುರುವಾದಾಗ, ವಿಟಮಿನ್ ಬಿ12 ಕಡಿಮೆಯಾಗಿರಬಹುದೆಂದು ವೈದ್ಯರು ಸಂಶಯಪಟ್ಟರು. ಒಂದೇ ಕೊರತೆಯನ್ನು ಮೂರು ಬೇರೆ ಬೇರೆ ದಾರಿಗಳಿಂದ ಹುಡುಕುವ ಪರೀಕ್ಷೆಗಳನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ಮಾಡಿಸಿಕೊಂಡೆ.

ಎಲ್ಲ ಲ್ಯಾಬ್‌ಗಳಲ್ಲೂ ಸಿಗುವ, ಅತಿ ಅಗ್ಗದ ಪರೀಕ್ಷೆ ಸೀರಮ್ ಬಿ12. ನನ್ನದು ಮಿಲಿಲೀಟರಿಗೆ 232 ಪಿಕೋಗ್ರಾಂ ಬಂದಿತ್ತು. ಪಕ್ಕದಲ್ಲೇ 211ರಿಂದ 911 ಎಂಬ ಮಿತಿಯನ್ನು ಮುದ್ರಿಸಿದ್ದುದರಿಂದ ವರದಿಯಲ್ಲಿ ಯಾವ ಎಚ್ಚರಿಕೆಯ ಗುರುತೂ ಇರಲಿಲ್ಲ. ಆದರೆ ರಕ್ತದಲ್ಲಿರುವ ಬಿ12ರ ಬಹುಪಾಲು ಹ್ಯಾಪ್ಟೊಕೊರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿದ್ದು, ಹೆಚ್ಚಿನ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ಈ ಪರೀಕ್ಷೆ ಅದನ್ನೂ ಸೇರಿಸಿ ಎಣಿಸುತ್ತದೆ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ 180ಕ್ಕಿಂತ ಕಡಿಮೆಯಿದ್ದರೆ ಮಾತ್ರ ಕೊರತೆಯೆಂದು ಖಚಿತವಾಗಿ ಹೇಳಿ, 180ರಿಂದ 350ರವರೆಗಿನದನ್ನು ಅನಿಶ್ಚಿತ ವಲಯವೆಂದು ಗುರುತಿಸುತ್ತದೆ. ಜೊತೆಗೆ ಮಾಡಿಸಿದ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಕೆಂಪು ರಕ್ತಕಣಗಳ ಗಾತ್ರ ಸಹಜವಾಗಿತ್ತು, ಆದರೆ ಅದೂ ಸಮಾಧಾನ ಕೊಡುವಂಥದ್ದಲ್ಲ. ಕಬ್ಬಿಣದ ಕೊರತೆಯೂ ಇದ್ದರೆ, ಬಿ12 ಕೊರತೆಯಿಂದ ದೊಡ್ಡದಾಗಬೇಕಿದ್ದ ಕಣಗಳು ದೊಡ್ಡದಾಗದೇ ಉಳಿಯಬಹುದು, ರಕ್ತಹೀನತೆಯೇ ಇಲ್ಲದೆ ನರಗಳಿಗೆ ತೊಂದರೆಯಾಗುವುದೂ ಉಂಟು.

ಜೀವಕೋಶಗಳಿಗೆ ತಲುಪುವ ಭಾಗವನ್ನಷ್ಟೇ ಅಳೆಯುವ ಆಕ್ಟಿವ್ ಬಿ12 ಪರೀಕ್ಷೆಯ ಮೇಲೆ ನನಗೆ ಹೆಚ್ಚು ಭರವಸೆಯಿತ್ತು. ಬೆಲೆ ಹೆಚ್ಚು, ಸಿಗುವ ಲ್ಯಾಬ್‌ಗಳು ಕಡಿಮೆ. ಫಲಿತಾಂಶ ಲೀಟರಿಗೆ 31 ಪಿಕೋಮೋಲ್ ಬಂತು. ಅದೇ ಮಾರ್ಗಸೂಚಿಯ ಪ್ರಕಾರ 25ರಿಂದ 70ರವರೆಗಿನದ್ದು ಮತ್ತೆ ಅನಿಶ್ಚಿತವೇ. ತಳದಂಚಿನಲ್ಲಿದೆ ಎಂಬ ಸುಳಿವು ದೊರೆಯಿತೇ ಹೊರತು ತೀರ್ಮಾನವಾಗಲಿಲ್ಲ.

ನಿರ್ಣಾಯಕವಾದದ್ದು ಹೋಮೋಸಿಸ್ಟೀನ್. ಬಿ12 ಸಾಲದಾದಾಗ ದೇಹದಲ್ಲಿ ಈ ವಸ್ತು ಕೂಡಿಬೀಳುತ್ತದೆ; ಸಾಮಾನ್ಯವಾಗಿ ಲೀಟರಿಗೆ 15 ಮೈಕ್ರೊಮೋಲ್ ದಾಟಿದರೆ ಹೆಚ್ಚೆನ್ನುತ್ತಾರೆ. ಇದರ ದೊಡ್ಡ ತೊಡಕು ರಕ್ತ ತೆಗೆದ ಮೇಲಿನ ನಿರ್ವಹಣೆ: ಕೊಳವೆಯೊಳಗೂ ರಕ್ತಕಣಗಳು ಹೋಮೋಸಿಸ್ಟೀನನ್ನು ಹೊರಬಿಡುತ್ತಲೇ ಇರುವುದರಿಂದ, ಹೊರಗಿನ ತಾಪದಲ್ಲಿ ಇಟ್ಟರೆ ಗಂಟೆಗೆ ಸುಮಾರು ಶೇ. 10ರಷ್ಟು ಅಂಕಿ ಏರುತ್ತದೆ. ಮನೆಗೆ ಬಂದು ರಕ್ತ ತೆಗೆದ ಹುಡುಗ ಈ ಕೊಳವೆಯನ್ನೂ ಉಳಿದವುಗಳ ಜೊತೆ ಬ್ಯಾಗಿಗೆ ಹಾಕಿಕೊಂಡು ಇನ್ನೂ ನಾಲ್ಕು ಮನೆ ಸುತ್ತಲು ಹೊರಟ. ಆ ವರದಿಯಲ್ಲಿ 27 ಇತ್ತು. ಆಸ್ಪತ್ರೆಯ ಲ್ಯಾಬ್‌ನಲ್ಲಿ ತಂತ್ರಜ್ಞರು ನೇರಳೆ ಮುಚ್ಚಳದ ಕೊಳವೆಯನ್ನು ಮಂಜುಗಡ್ಡೆಯ ಬಟ್ಟಲಿನಲ್ಲಿ ನಿಲ್ಲಿಸಿ, ನಾನು ತೋಳಿನ ಹತ್ತಿಯನ್ನು ತೆಗೆಯುವ ಮೊದಲೇ ರಕ್ತವನ್ನು ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಒಯ್ದರು. ಅಲ್ಲಿ ಬಂದದ್ದು 19. ಎರಡೂ ಹೆಚ್ಚೇ, ಆದರೆ ಮೊದಲಿನದನ್ನು ನಂಬಿ ಚಿಕಿತ್ಸೆಯ ಫಲವನ್ನು ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಫೋಲೇಟ್ (ಇನ್ನೊಂದು ಬಿ ವಿಟಮಿನ್) ಕೊರತೆ, ಮೂತ್ರಪಿಂಡದ ತೊಂದರೆ ಅಥವಾ ಥೈರಾಯ್ಡ್ ಮಂದವಾಗಿರುವುದರಿಂದಲೂ ಹೋಮೋಸಿಸ್ಟೀನ್ ಏರುವುದರಿಂದ ಫೋಲೇಟ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಥೈರಾಯ್ಡಿಗೆ ಟಿಎಸ್‌ಎಚ್‌ಗಳನ್ನೂ ನೋಡಬೇಕಾಯಿತು. ನನ್ನಲ್ಲಿ ಮೂರೂ ಸರಿಯಿದ್ದುದರಿಂದ ವೈದ್ಯರು ಬಿ12 ಚುಚ್ಚುಮದ್ದನ್ನು ಆರಂಭಿಸಿದರು. ಮೀಥೈಲ್‌ಮಲೋನಿಕ್ ಆಮ್ಲವೂ ಬಿ12 ಸಾಲದಾದಾಗ ಏರುತ್ತದೆ; ಅದರ ಪರೀಕ್ಷೆ ಫೋಲೇಟ್ ಕೊರತೆಯಿಂದ ಏರುಪೇರಾಗದ ಕಾರಣ ಇನ್ನೂ ನಿಖರ, ಆದರೆ ಅದಕ್ಕೆ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಬೇಕಾಗುವುದರಿಂದ ಅದನ್ನು ಮಾಡುವ ಲ್ಯಾಬ್ ನಮ್ಮ ಊರಿನಲ್ಲಿರಲಿಲ್ಲ.

ಸೀರಮ್ ಬಿ12 ನೂರರ ಆಸುಪಾಸಿನಲ್ಲಿದ್ದರೆ ಬೇರೆ ಯಾವ ಪರೀಕ್ಷೆಗೂ ಹಣ ಸುರಿಯುವುದು ಅನಗತ್ಯವೆಂದೇ ನನ್ನ ಅಭಿಪ್ರಾಯ. ಅಂಕಿ ನಡುವೆ ಸಿಲುಕಿದಾಗ ಅದೇ ಪರೀಕ್ಷೆಯನ್ನು ಇನ್ನೊಂದು ಲ್ಯಾಬ್‌ನಲ್ಲಿ ಮರಳಿ ಮಾಡಿಸುವ ಬದಲು, ರಕ್ತ ತೆಗೆದಲ್ಲೇ ಸೆಂಟ್ರಿಫ್ಯೂಜ್ ಇರುವ ಕಡೆ ಹೋಮೋಸಿಸ್ಟೀನ್ ಮಾಡಿಸುವುದೇ ಮೇಲು. ಯಾವುದನ್ನು ಆರಿಸಿಕೊಂಡರೂ ರಕ್ತ ಕೊಡುವುದು ಚುಚ್ಚುಮದ್ದಿಗಿಂತ ಮೊದಲೇ ಆಗಬೇಕು, ಏಕೆಂದರೆ ಒಂದೇ ಚುಚ್ಚುಮದ್ದಿನ ನಂತರ ಸೀರಮ್ ಅಂಕಿ ಮಿತಿಯ ಮೇಲಂಚನ್ನೂ ದಾಟಿಬಿಡಬಹುದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನೂ ಲ್ಯಾಬ್‌ನವರಿಗೆ ತಿಳಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಬಿ12 ಅಂಕಿಯನ್ನು ಸುಳ್ಳೇ ಏರಿಸಿ ತೋರಿಸುತ್ತದೆ.