ಒಂದೇ ಬೇಬಿ ಸ್ವಿಂಗ್, ಇಬ್ಬರು ಅವಳಿ ಮಕ್ಕಳು

ಈ ಬ್ಯಾಟರಿ ಬೇಬಿ ಸ್ವಿಂಗ್ ಬಗ್ಗೆ ಬರೆಯೋಕೆ ಮೂರು ತಿಂಗಳು ಕಾದೆ. ನಮಗೆ ಅವಳಿ ಮಕ್ಕಳು, ಈಗ ಐದು ತಿಂಗಳು. ಮಗನಿಗೆ ಮೊದಲ ದಿನವೇ ಇದು ಇಷ್ಟವಾಯಿತು. ಮಗಳಿಗೆ ಇದನ್ನು ಕಂಡರೇ ಆಗುತ್ತಿರಲಿಲ್ಲ.

ತಂದ ದಿನ ಸಂಜೆ ಇಬ್ಬರಿಗೂ ಹಾಲು ಕುಡಿಸಿ, ಬಟ್ಟೆ ಬದಲಿಸಿ, ಮೊದಲು ಮಗನನ್ನು ಕೂರಿಸಿದೆ. ಗುಂಡಿ ಒತ್ತಿದ ಕೂಡಲೇ ಹಾಡು, ಬಣ್ಣದ ಬೆಳಕು, ತೂಗಾಟ ಎಲ್ಲ ಒಟ್ಟಿಗೇ ಶುರುವಾದವು. ಅವನು ಮೇಲೆ ತೂಗುವ ಬಟ್ಟೆಯ ನಕ್ಷತ್ರಗಳನ್ನು ನೋಡುತ್ತಾ ಕಾಲು ಬಡಿದ. ಆಮೇಲೆ ಮಗಳ ಸರದಿ. ಅರ್ಧ ನಿಮಿಷವೂ ಆಗಿರಲಿಲ್ಲ, ಮುಖ ಪಕ್ಕಕ್ಕೆ ತಿರುಗಿಸಿದಳು. ಮುಷ್ಟಿ ಬಿಗಿಯಾಯಿತು, ಕಾಲ್ಬೆರಳು ಬಿಡಿಸಿಕೊಂಡವು, ಹುಬ್ಬಿನ ಸುತ್ತ ಕೆಂಪಾಯಿತು. ಆಮೇಲೆ ಚೀರಾಟ. ತೂಗಿದ್ದು ಸಾಲದೇನೋ ಅಂತ ನಾನು ವೇಗ ಹೆಚ್ಚಿಸಿದೆ, ಹಾಡಿನ ಸದ್ದೂ ಹೆಚ್ಚಿಸಿದೆ. ಎತ್ತಿಕೊಂಡ ಮೇಲೂ ನಲವತ್ತು ನಿಮಿಷ ಅತ್ತಳು. ಮುಖ ತಿರುಗಿಸಿದಾಗಲೇ ಅವಳು ಸಾಕು ಅಂದಿದ್ದಳು. ನನಗೆ ಅರ್ಥವಾಗಲಿಲ್ಲ. ಆ ಸಂಜೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಾರನೇ ದಿನದಿಂದ ಒಂದು ವಾರ ಇಬ್ಬರ ಬಗ್ಗೆಯೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕುರ್ಚಿ ಎಳೆದ ಸದ್ದಿಗೆ ಮಗ ತಿರುಗಿ ನೋಡುತ್ತಾನೆ, ಮಗಳು ಬೆಚ್ಚಿಬೀಳುತ್ತಾಳೆ. ಮಗ ಯಾರ ತೋಳಿಗಾದರೂ ಹೋಗುತ್ತಾನೆ. ಮಗಳು ನನ್ನ ಹೆಗಲ ಮೇಲಿಂದ ಹೊಸ ಮುಖವನ್ನು ಹತ್ತು ನಿಮಿಷ ನೋಡಬೇಕು, ಆಮೇಲೆ ನಗು. ಒಂದೇ ಮನೆ, ಒಂದೇ ವಯಸ್ಸು, ಅದೇ ಅಮ್ಮ. ಹಾಗಾದರೆ ಇದು ನಾವು ಬೆಳೆಸಿದ ರೀತಿ ಅಲ್ಲ, ಹುಟ್ಟುಗುಣ.

ಇದನ್ನೇ ಹಿಡಿದು ಅಧ್ಯಯನ ಮಾಡಿದವರು ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ. 1956ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿ, ಆ ಮಕ್ಕಳು ದೊಡ್ಡವರಾಗುವವರೆಗೂ ಗಮನಿಸಿದರು. ಕೈಕಾಲಾಟ ಎಷ್ಟು, ಹಸಿವು ನಿದ್ದೆಗೆ ಹೊತ್ತು ಗೊತ್ತಿದೆಯಾ, ಹೊಸದಕ್ಕೆ ಹಿಂಜರಿಕೆಯಾ, ಎಷ್ಟು ಸಣ್ಣ ಸದ್ದಿಗೆ ಎಚ್ಚರವಾಗುತ್ತದೆ, ಹೀಗೆ ಒಂಬತ್ತು ಗುಣ ನೋಡಿದರು. ಅವರ ಲೆಕ್ಕದಲ್ಲಿ ಸುಮಾರು 40% ಮಕ್ಕಳು ಸಲೀಸು, 10% ಕಷ್ಟದವರು, 15% ನಿಧಾನವಾಗಿ ಹೊಂದಿಕೊಳ್ಳುವವರು. ಉಳಿದವರು ಯಾವ ಗುಂಪಿಗೂ ಸರಿಯಾಗಿ ಸೇರುವುದಿಲ್ಲ. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಮಾತು: ಯಾವ ಗುಣವೂ ತಾನಾಗಿ ತೊಂದರೆಯಲ್ಲ, ಮಗುವಿನ ಗುಣಕ್ಕೂ ಸುತ್ತಲಿನವರ ನಡೆಗೂ ಹೊಂದಿಕೆಯಾಗದಿದ್ದಾಗ ತೊಂದರೆ.

ಅದಕ್ಕೇ ಸ್ವಿಂಗನ್ನೇ ಮಗಳಿಗೆ ಹೊಂದಿಸಿದೆ. ನಕ್ಷತ್ರಗಳ ಕಂಬಿ ಬಿಚ್ಚಿದೆ. ಹಾಡು, ಬೆಳಕು ಬಂದ್. ಮೊದಲ ಮೂರು ದಿನ ತೂಗದೆ ಸುಮ್ನೆ ಕೂರಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡೆ. ನಾಲ್ಕನೇ ದಿನ ಅತಿ ಕಡಿಮೆ ವೇಗ. ಮುಖ ತಿರುಗಿಸಿದರೆ ತಕ್ಷಣ ಎತ್ತಿಕೊಳ್ಳುತ್ತಿದ್ದೆ. ಎಂಟನೇ ದಿನ ಪರದೆಯ ನೆರಳು ನೋಡುತ್ತಾ ಆರು ನಿಮಿಷ ಕೂತಳು. ಆ ಆರು ನಿಮಿಷ ನಾನೂ ಪಕ್ಕದಲ್ಲಿ ನೆಲದ ಮೇಲೆ ಅಲುಗಾಡದೆ ಕೂತಿದ್ದೆ.

ಮಗನ ವಿಷಯದಲ್ಲಿ ಬೇರೆ ತಪ್ಪು ಮಾಡಿದ್ದೆ. ಅವನು ಅಳುವುದಿಲ್ಲ ಅಂತ ಒಂದು ದಿನ ಮುಕ್ಕಾಲು ಗಂಟೆ ಅಲ್ಲೇ ಬಿಟ್ಟಿದ್ದೆ. ಸಲೀಸು ಮಗು ಕೇಳುವುದಿಲ್ಲ, ಆದರೆ ಅವನಿಗೂ ನಮ್ಮ ಮುಖ, ಮಾತು, ಮಡಿಲು ಬೇಕು ಅಲ್ವಾ? ಈಗ ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡುತ್ತೇನೆ.

ಇನ್ನು ವಸ್ತುವಿನ ಬಗ್ಗೆ. ಐದು ಕಡೆ ಬಿಗಿಯುವ ಬೆಲ್ಟ್ ಗಟ್ಟಿಯಾಗಿದೆ. ಬಟ್ಟೆ ಬಿಚ್ಚಿ ಒಗೆಯಬಹುದು. ಬ್ಯಾಟರಿ ಬೇಗ ಖಾಲಿ, ನಮಗೆ ಒಂಬತ್ತು ದಿನ ಬಂತು. ಇದರಲ್ಲಿ ಮಾತ್ರ ಮಲಗಿಸಬೇಡಿ. ವಾಲಿ ಕೂತ ಪುಟ್ಟ ಮಗುವಿನ ತಲೆ ಮುಂದಕ್ಕೆ ಬಾಗಿ, ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಟ್ಟಬಹುದು. ನಿದ್ದೆ ಹತ್ತಿದರೆ ಎತ್ತಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಮಗು ತಾನಾಗಿ ಎದ್ದು ಕೂರಲು ನೋಡಿದರೆ ಬಳಕೆ ನಿಲ್ಲಿಸಿ ಅಂತ ಜೊತೆಗೆ ಕೊಟ್ಟ ಪುಸ್ತಕದಲ್ಲೇ ಇದೆ.

ನನಗೆ ಜಾಸ್ತಿ ಬೇಸರ ತಂದದ್ದು ಆ ಗುಂಡಿ. ಪ್ರತಿ ಸಲ ಆನ್ ಮಾಡಿದಾಗಲೂ ಹಾಡು, ಬೆಳಕು ಎರಡೂ ಜೋರಾಗಿಯೇ ಶುರುವಾಗುತ್ತವೆ, ಮತ್ತೆರಡು ಸಲ ಒತ್ತಿ ನಿಲ್ಲಿಸಬೇಕು. ಮಗಳನ್ನು ಕೂರಿಸುವ ಮೊದಲೇ ಖಾಲಿ ಸ್ವಿಂಗ್ ಆನ್ ಮಾಡಿ, ಎಲ್ಲ ಬಂದ್ ಮಾಡಿ, ಆಮೇಲೆ ಅವಳನ್ನು ತರುತ್ತೇನೆ. ಕೊಳ್ಳುವವರು ಅಂಗಡಿಯಲ್ಲೇ ಒತ್ತಿ ನೋಡಿ: ತೂಗಾಟಕ್ಕೆ, ಹಾಡಿಗೆ, ಬೆಳಕಿಗೆ ಬೇರೆ ಬೇರೆ ಗುಂಡಿ ಇರಬೇಕು. ಇದಕ್ಕೆ ನನ್ನಿಂದ ಮೂರು ಸ್ಟಾರ್. ಗುಂಡಿ ಬೇರೆಯಾಗಿದ್ದರೆ ನಾಲ್ಕು ಕೊಡುತ್ತಿದ್ದೆ.